ತಿಪ್ಪೆಯ ಗೊಬ್ಬರ, ಚೀಲದ ಗೊಬ್ಬರ

ನಮ್ಮ ರಾಜಘಟ್ಟದಲ್ಲಿ ರಾಗಿ ಹೊಲದ ಅಕ್ಕಡಿ ಸಾಲುಗಳಲ್ಲಿ ಹುಚ್ಚೆಳ್ಳು ಹೂಬಿಟ್ಟಿತೆಂದರೆ ಹಸಿರು ಸೀರೆಗೆ ಹಳದಿ ಪಟ್ಟೆ ನೇಯ್ದಂತೆ ಕಾಣುತ್ತಿತ್ತು. ಆ ಹೂವನ್ನು ನೆನೆದಾಗಲೆಲ್ಲ ನನ್ನದೊಂದು ತಪ್ಪೂ ನೆನಪಾಗುತ್ತದೆ.

ಆಗ ನಾನು ಮೇಷ್ಟರ ಕೆಲಸಕ್ಕೆ ಸೇರಿದ ಹೊಸತು. ಸಂಬಳದ ಹಣದಲ್ಲಿ ಯೂರಿಯಾ ಚೀಲವೊಂದನ್ನು ಕೊಂಡು ಗಾಡಿಯಲ್ಲಿ ಮನೆಗೆ ತಂದೆ. "ಇನ್ನು ತಿಪ್ಪೆ ಹೊರುವ ಕಷ್ಟ ಬೇಡಪ್ಪ" ಎಂದೆ. "ಓದಿದೋನು ನೀನು, ನೋಡೋಣ" ಎಂದರು ತಂದೆಯವರು. ಹುಚ್ಚೆಳ್ಳನ್ನೇ ಬಿತ್ತಿದ್ದ ಅರ್ಧ ಎಕರೆಗೆ ಇಡೀ ಚೀಲವನ್ನು ಒಂದೇ ಸಲ ಎರಚಿದೆ. ಗಿಡಗಳು ಕಡುಹಸಿರಾಗಿ ಎದೆಯೆತ್ತರ ಬೆಳೆದವು. ಮೊದಲ ಮಳೆಗಾಳಿಗೇ ಮಲಗಿದವು. ಗಾಣಕ್ಕೆ ಹೋದ ಕಾಳು ಹಿಂದಿನ ವರ್ಷದ ಅರ್ಧದಷ್ಟೂ ಇರಲಿಲ್ಲ. ತಂದೆಯವರು ಏನೂ ಅನ್ನಲಿಲ್ಲ. ಅಂಗಡಿಯಿಂದ ಎಣ್ಣೆ ತಂದ ದಿನ ಅಮ್ಮ ಮಾತ್ರ ಒಮ್ಮೆ ನನ್ನ ಮುಖ ನೋಡಿದರು.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮನ ಮಗ ಇದಕ್ಕೆ ತದ್ವಿರುದ್ಧವಾದ ತಪ್ಪು ಮಾಡಿದ. "ಚೀಲದ ಗೊಬ್ಬರ ಮುಟ್ಟೋದೇ ಇಲ್ಲ ದೊಡ್ಡಪ್ಪ" ಎಂದು ಹಸಿ ಸಗಣಿಯನ್ನೂ ರಾಗಿಹುಲ್ಲನ್ನೂ ಹೊಲಕ್ಕೆ ತುಂಬಿ ಹುಚ್ಚೆಳ್ಳು ಬಿತ್ತಿದ. ಸಸಿಗಳು ಹಳದಿಗಟ್ಟಿ ಗಿಡ್ಡವಾಗಿಯೇ ಉಳಿದವು. ಪಕ್ಕದ ಹೊಲ ಆಗಲೇ ಲೇಔಟ್ ಆಗಿತ್ತು. "ಇನ್ನೊಂದು ಸಲ ಹೀಗಾದರೆ ನಾವೂ ಮಾರಿಬಿಡೋಣ" ಎಂದ.

ಅಂದು ನಾನು ಸ್ಲೇಟು ಹಿಡಿದ ಮೇಷ್ಟರಾದೆ. ಯೂರಿಯಾದಲ್ಲಿ ಶೇಕಡಾ 46 ಸಾರಜನಕವಿದೆ. 45 ಕಿಲೋ ಚೀಲದಲ್ಲಿ ಸುಮಾರು 20 ಕಿಲೋ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು ಶೇಕಡಾ ಅರ್ಧದಷ್ಟಿದ್ದರೆ, 4 ಟನ್ನಿನಲ್ಲಿಯೂ ಅಷ್ಟೇ. ಲೆಕ್ಕದಲ್ಲಿ ಎರಡೂ ಒಂದೇ, ಹೊಲದಲ್ಲಿ ಬೇರೆ. ಯೂರಿಯಾ ಬೇಗ ಒದಗಿ ಬೇಗ ಕಳೆದುಹೋಗುತ್ತದೆ. ಅತಿಯಾದರೆ ಸೊಪ್ಪು ಹೆಚ್ಚಿ ಕಾಳಿನಲ್ಲಿ ಎಣ್ಣೆಯಂಶ ತಗ್ಗುತ್ತದೆ. ಕೊಟ್ಟಿಗೆ ಗೊಬ್ಬರವು ವರ್ಷಗಟ್ಟಲೆ ನಿಧಾನವಾಗಿ ಉಣಿಸುತ್ತದೆ, ನಮ್ಮ ಕೆಂಪು ಮಣ್ಣಿನಲ್ಲಿ ತೇವ ಹಿಡಿದಿಡುತ್ತದೆ. ಆದರೆ ಕಳಿಯದ ಹುಲ್ಲನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೇ ಮೊದಲು ತಾವು ಉಣ್ಣುತ್ತವೆ; ಸಸಿಗೆ ಉಪವಾಸ.

ದೂರದ ಸಾಕ್ಷಿಯೇನೂ ಬೇಕಿಲ್ಲ. ಜಿ.ಕೆ.ವಿ.ಕೆ.ಯ ಒಣಬೇಸಾಯದ ತಾಕುಗಳಲ್ಲಿ 1978ರಲ್ಲಿ ಆರಂಭವಾದ ಪ್ರಯೋಗವೊಂದರಲ್ಲಿ ರಾಗಿ, ಕಡಲೆಕಾಯಿಗಳನ್ನು ಸರದಿಯಂತೆ ಬೆಳೆದರು. ಬರಿಯ ರಾಸಾಯನಿಕ ಗೊಬ್ಬರ ಕೊಟ್ಟ ತಾಕಿನ ಇಳುವರಿ ವರ್ಷ ಕಳೆದಂತೆ ಕುಸಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದೊಡನೆ ಶಿಫಾರಸಿನಷ್ಟು ರಾಸಾಯನಿಕವನ್ನೂ ಕೊಟ್ಟ ತಾಕು ಬಾಳಿಕೊಂಡು ಬಂತು. ಕಡಲೆಕಾಯಿಯಾದರೋ ತನ್ನ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿಯಬಲ್ಲದು. ಹುಚ್ಚೆಳ್ಳಿಗೆ ಆ ಭಾಗ್ಯವಿಲ್ಲ.

ಮರುವರ್ಷ ಅವನು ಕಳಿತ ಗೊಬ್ಬರವನ್ನು ಬಿತ್ತನೆಗೆ ಮುಂಚೆಯೇ ಉತ್ತು ಬೆರೆಸಿದ. ಮಣ್ಣು ಪರೀಕ್ಷೆ ಮಾಡಿಸಿ, ಅದಕ್ಕೆ ತಕ್ಕಂತೆ ಅಲ್ಪ ಯೂರಿಯಾವನ್ನು ಎರಡು ಕಂತಿನಲ್ಲಿ, ತೇವ ನೋಡಿಕೊಂಡು ಕೊಟ್ಟ. ಬಂಪರ್ ಬೆಳೆಯೇನೂ ಬರಲಿಲ್ಲ. ಮನೆಗೆ ಸಾಲುವಷ್ಟು ಎಣ್ಣೆಯಾಗಿ, ಒಂದಿಷ್ಟು ಕಾಳು ಮಾರಾಟಕ್ಕೂ ಉಳಿಯಿತು. ಗಾಣದಿಂದ ಬಂದವನೇ ಮೊದಲ ಬಾಟಲಿಯನ್ನು ನನ್ನ ಮುಂದಿಟ್ಟ.

ನಮ್ಮ ಊರನ್ನು ಜನ ಈಗ ಬೌದ್ಧ ನೆಲೆಯೆಂದು ಬಲ್ಲರು. 2001ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು ಅಗೆದಾಗ ಮಣ್ಣಿನ ಪುಟ್ಟ ಪುಟ್ಟ ಸ್ತೂಪಗಳು ದೊರೆತವು. ಅದಕ್ಕೆ ಮುಂಚೆ ಊರವರಿಗೆ ಅದು ಬೂದಿಗುಂಡಿ. ಮಣ್ಣು ಫಲವತ್ತಾಗಿದೆಯೆಂದು ಅಲ್ಲಿಂದ ಹೊಲಗಳಿಗೆ ಹೊಡೆಯುತ್ತಿದ್ದರು. ಆ ದಾರಿ ಈಗಿಲ್ಲ. ಹೊಲ ಮಾರುವ ಮಾತನ್ನು ಅವನು ಪೂರ್ತಿ ಬಿಟ್ಟಿಲ್ಲ. ಆದರೂ ಕೊಟ್ಟಿಗೆಯ ಹಿಂದೆ ಹೊಸದೊಂದು ಗೊಬ್ಬರದ ಗುಂಡಿ ತೋಡಿಸಿದ್ದಾನೆ.