ನೂರೆಂಬತ್ತರ ಒಳಗಿದ್ದರೆ ಸಾಕು

ನಮ್ಮ ಕಡೆ ಆಸ್ಪತ್ರೆಯಲ್ಲಿ ಯಾರಿಗಾದರೂ ಇನ್ಸುಲಿನ್ ಶುರು ಮಾಡಿದರು ಅಂದ್ರೆ ಮನೆಯವರ ಮುಖ ಬಾಡುತ್ತೆ. ‘ಒಂದ್ಸಲ ಹಾಕಿಸ್ಕಂಡ್ರೆ ಮುಗೀತು, ಸಾಯೋತನಕ ಬಿಡಲ್ಲ’ ಅನ್ನೋದು ಹೊನ್ನಾಳಿಯಿಂದ ಜಗಳೂರಿನವರೆಗೂ ಒಂದೇ ಮಾತು. ಇನ್ನು ಅದನ್ನು ಮಿಷಿನ್ ಇಟ್ಟು ನೇರ ರಕ್ತನಾಳಕ್ಕೇ ಬಿಡ್ತಿದಾರೆ ಅಂದ್ರೆ ಕೇಸು ಕೈಮೀರಿದೆ ಅಂತಲೇ ಲೆಕ್ಕ.

ಹೋದ ವರ್ಷ ನ್ಯಾಮತಿ ಹತ್ತಿರದ ಊರಿನ ನಮ್ಮ ದೊಡ್ಡಪ್ಪನಿಗೆ ಕಾಲಿನ ಗಾಯ ಕೀವಾಗಿ, ಶುಗರ್ 480 ದಾಟಿ, ದಾವಣಗೆರೆಯ ಐಸಿಯು ಸೇರಿದರು. ಹೊರಗಿನ ಬೆಂಚಿನ ಮೇಲೆ ಚನ್ನಗಿರಿಯ ಮಾವ, ಜಗಳೂರಿನ ಅತ್ತೆ, ಹೊನ್ನಾಳಿಯಿಂದ ಬಂದ ಭಾವ. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಆದರೆ ‘ಬಿಇ ಓದಿದ ಹುಡುಗ’ ಅಂದ್ಮೇಲೆ ಡಾಕ್ಟರು ಹೇಳಿದ್ದನ್ನ ಬಿಡಿಸಿ ಹೇಳೋ ಕೆಲಸ ನನ್ನದೇ.

ಚರ್ಮದ ಕೆಳಗೆ ಚುಚ್ಚಿದ ಇನ್ಸುಲಿನ್ ಗಂಟೆಗಟ್ಟಲೆ ಇರುತ್ತೆ. ಹೆಚ್ಚಾದ್ರೆ ವಾಪಸ್ ತಗೊಳೋಕಾಗಲ್ಲ. ರಕ್ತನಾಳಕ್ಕೆ ಬಿಟ್ಟಿದ್ದು ನಿಮಿಷಗಳಲ್ಲೇ ಕರಗುತ್ತೆ. ಹಾಗಾಗಿ ಏರಿಸಬಹುದು, ಇಳಿಸಬಹುದು, ನಿಲ್ಲಿಸಬಹುದು. 50 ಎಂಎಲ್ ಸಲೈನಿನಲ್ಲಿ 50 ಯೂನಿಟ್, ಅಂದರೆ ಒಂದು ಎಂಎಲ್‌ಗೆ ಒಂದು ಯೂನಿಟ್. ಸಿರಿಂಜ್ ಪಂಪ್ ಅದನ್ನ ಹನಿಹನಿಯಾಗಿ ತಳ್ಳುತ್ತೆ. ‘ತ್ವಾಟಕ್ಕೆ ಡ್ರಿಪ್ ಬಿಟ್ಟಂಗೆ ಅನ್ನು’ ಅಂದ್ರು ಮಾವ. ಹೌದು, ಆದರೆ ಈ ಡ್ರಿಪ್ಪಿಗೆ ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡೋರು ಬೇಕು. ಜೊತೆಗೆ ರಕ್ತದ ಪೊಟ್ಯಾಸಿಯಂ ಮೇಲೂ ಕಣ್ಣಿಡಬೇಕು. ಇನ್ಸುಲಿನ್ ಅದನ್ನೂ ಜೀವಕೋಶದ ಒಳಗೆ ಎಳೆಯುತ್ತೆ, ತೀರಾ ಇಳಿದರೆ ಹೃದಯದ ಬಡಿತ ತಪ್ಪುತ್ತೆ. ನಮ್ಮ ಭಾಷೆಯಲ್ಲಿ ಇದು ಫೀಡ್‌ಬ್ಯಾಕ್ ಲೂಪ್. ಸೆನ್ಸರ್ರೂ ಕಂಟ್ರೋಲರ್ರೂ ಒಬ್ಬಳೇ ನರ್ಸ್. ರಾತ್ರಿ ಎರಡು ಗಂಟೆಗೂ ಬೆರಳು ಹಿಡಿಯೋಕೆ ಕೈ ಇಲ್ಲದ ಕಡೆ ಈ ಪಂಪ್ ಹಾಕೋದೇ ಅಪಾಯ. ತಾಲ್ಲೂಕಿನ ಡಾಕ್ಟರು ತಡಮಾಡದೆ ದಾವಣಗೆರೆಗೆ ಕಳಿಸಿದ್ದು ಸರಿಯಾಗೇ ಇತ್ತು.

ಮಾರನೇ ದಿನ ಸಂಜೆ ಹೊತ್ತಿಗೆ 172. ಅಲ್ಲಿಗೇ ನಿಲ್ಲಿಸಿದರು. ಮಾವನಿಗೆ ಸಿಟ್ಟು: ‘ನಾರ್ಮಲ್ ಅಂದ್ರೆ ನೂರು ಅಲ್ಲೇನಪ್ಪಾ? ದುಡ್ಡಿಗೆ ಎಳೀತಿದಾರೆ ನೋಡು.’

ಈ ಅನುಮಾನ ಡಾಕ್ಟರುಗಳಿಗೂ ಇತ್ತು, ದುಡ್ಡಿನದಲ್ಲ, ನೂರರದ್ದು. 2001ರಲ್ಲಿ ಬೆಲ್ಜಿಯಮ್ಮಿನ ಲ್ಯೂವೆನ್‌ನಲ್ಲಿ ನಡೆದ ಅಧ್ಯಯನ, ಐಸಿಯುನಲ್ಲಿ ಶುಗರ್ 80ರಿಂದ 110ರೊಳಗೆ ಬಿಗಿಯಾಗಿ ಹಿಡಿದರೆ ಸಾವು ಕಡಿಮೆ ಅಂದಿತ್ತು. 2009ರಲ್ಲಿ 6,000ಕ್ಕೂ ಹೆಚ್ಚು ರೋಗಿಗಳ ನೈಸ್-ಶುಗರ್ ಅಧ್ಯಯನ ಅದನ್ನ ತಿರುಗಿಸಿಬಿಟ್ಟಿತು: ಬಿಗಿ ಹಿಡಿದವರಲ್ಲಿ ಶೇ. 27.5 ಸಾವು, 180ರ ಒಳಗಿದ್ದರೆ ಸಾಕು ಅಂತ ಬಿಟ್ಟವರಲ್ಲಿ ಶೇ. 24.9. ಬಿಗಿ ಹಿಡಿದವರಲ್ಲಿ ಶುಗರ್ ತೀರಾ ಇಳಿದದ್ದೂ ಹೆಚ್ಚು. ಮಂಪರಿನಲ್ಲಿರುವ ರೋಗಿ ‘ಬೆವರ್ತಾ ಇದೀನಿ, ತಲೆ ತಿರುಗ್ತಿದೆ’ ಅಂತ ಹೇಳೋದಾದರೂ ಹೇಗೆ? ಈಗ ಬಹುತೇಕ ಕಡೆ ಗುರಿ 140ರಿಂದ 180.

ಮಾವ ಪೂರ್ತಿ ಒಪ್ಪಲಿಲ್ಲ. ‘ಬೆಲ್ಜಿಯಮ್ಮಿನೋರು ಮುದ್ದೆ ತಿಂತಾರೇನು?’ ಅಂದ್ರು.

ಮೂರನೇ ದಿನ ಪಂಪ್ ತೆಗೀತೀವಿ ಅಂದರು. ಆದರೆ ಅದು ಓಡ್ತಿರುವಾಗಲೇ ಹೊಟ್ಟೆಗೊಂದು ಇಂಜೆಕ್ಷನ್. ‘ಎರಡೆರಡು ಯಾಕೆ?’ ಅಂತ ಅತ್ತೆ ಗಾಬರಿ. ಪಂಪ್ ನಿಂತ ಕೆಲವೇ ನಿಮಿಷಕ್ಕೆ ರಕ್ತದಲ್ಲಿ ಇನ್ಸುಲಿನ್ ಇರಲ್ಲ. ಚರ್ಮದ್ದು ಕೆಲಸಕ್ಕೆ ಇಳಿಯೋಕೆ ಟೈಮ್ ಬೇಕು. ಅದಕ್ಕೇ ಎರಡು ಗಂಟೆ ಮೊದಲೇ ಕೊಡ್ತಾರೆ.

ಅಷ್ಟೊತ್ತಿಗೆ ದೊಡ್ಡಪ್ಪನಿಗೆ ಪೂರ್ತಿ ಎಚ್ಚರ. ಎಡಗೈಯ ಬೆರಳ ತುದಿಗಳೆಲ್ಲ ಚುಕ್ಕಿ ಚುಕ್ಕಿ. ಮತ್ತೆ ಚುಚ್ಚೋಕೆ ಬಂದ ನರ್ಸಿಗೆ, ‘ಅಡಿಕೆ ಸುಲಿಯಾಕೆ ಒಂದೆರಡು ಬೆರಳಾದ್ರೂ ಉಳಿಸವ್ವ’ ಅಂದರು. ಆಕೆ ನಕ್ಕು ಬಲಗೈ ಹಿಡಿದಳು.