ಸೊನ್ನೆ ಡಿಗ್ರಿಯ ಊರಿಗೆ

ವರ್ಗದ ಗೋಡೆಯ ನಕ್ಷೆಯಲ್ಲಿ ಲಂಡನ್ ನಗರದ ಮೇಲೆ ಬೆತ್ತದ ತುದಿಯನ್ನಿಟ್ಟು ಪಾಠ ಹೇಳುತ್ತ ನಾವು ಇಪ್ಪತ್ತೆಂಟು ವರ್ಷ ಕಳೆದೆವು. ಗ್ರೀನಿಚ್ಚಿನ ಸೊನ್ನೆ ರೇಖೆಯಿಂದ ನಮ್ಮ ಅಕ್ಕಲಕೋಟೆಯು ಪೂರ್ವಕ್ಕೆ ಸುಮಾರು 76 ಡಿಗ್ರಿ ಎಂಬುದು ನಮಗೆ ಬಾಯಿಪಾಠ. ಹೋದ ವರ್ಷ ಬಾಲಕಿಯೊಬ್ಬಳು ಎದ್ದು ನಿಂತು, "ಗುರುಗಳ, ಆ ಗೆರಿ ನೆಲದ ಮ್ಯಾಲ ಕಾಣ್ತದೇನ್ರೀ? ನೀವು ನೋಡೀರೇನ್ರೀ?" ಎಂದು ಕೇಳಿದಳು. ನಾವು ನಿರುತ್ತರರಾದೆವು.

ಅಂದು ರಾತ್ರಿ ಮನೆಯಲ್ಲಿ ವಿಷಯ ತೆಗೆದೆವು. ಮಾಳಿಗೆಯ ದುರಸ್ತಿಗೆಂದು ಕೂಡಿಟ್ಟ ಹಣವೊಂದೇ ನಮ್ಮ ಆಸರೆ. ನಮ್ಮ ಮನೆಯವರು ಕ್ಷಣಕಾಲ ಸುಮ್ಮನಿದ್ದು, "ಮಾಳಗಿ ಇನ್ನೊಂದು ಮಳಿಗಾಲ ತಡೀತದ. ನಮ್ಮ ಮೊಳಕಾಲು ತಡೀತಾವೇನ್ರೀ?" ಎಂದರು. ಮೇ ತಿಂಗಳ ರಜೆಯಲ್ಲಿ ಆರು ದಿನಗಳೆಂದು ನಿಶ್ಚಯವಾಯಿತು. ಇಲಾಖೆಯ ಅನುಮತಿ, ಬ್ಯಾಂಕಿನ ಲೆಕ್ಕಪತ್ರ, ಬೆರಳಚ್ಚು ಎಲ್ಲವೂ ಒಂದೊಂದಾಗಿ ಮುಗಿದವು.

ಶಾಲೆಯ ವೇಳಾಪತ್ರಿಕೆಯಂತೆ ಹತ್ತೊಂಬತ್ತು ಸ್ಥಳಗಳ ಪಟ್ಟಿ ಬರೆದೆವು. ಮನೆಯವರು ಅದನ್ನೋದಿ ನಕ್ಕರು. ಅರಮನೆ ಹೋಯಿತು, ಕೊಹಿನೂರು ಇರುವ ಕೋಟೆಯೂ ಹೋಯಿತು. ಕೊನೆಗೆ ಮೂರು ಉಳಿದವು. ಪ್ರವೇಶಶುಲ್ಕವಿಲ್ಲದ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಮರಾವತಿಯ ಸ್ತೂಪದ ಶಿಲ್ಪಗಳಿವೆ. ಥೇಮ್ಸ್ ನದಿಯ ದಂಡೆಯ ಲ್ಯಾಂಬೆತ್ ಭಾಗದಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ಮೂರನೆಯದು ಗ್ರೀನಿಚ್, ವೆಸ್ಟ್‌ಮಿನ್‌ಸ್ಟರಿನಿಂದ ದೋಣಿಯಲ್ಲಿಯೇ ಹೋಗಬಹುದು.

ಸಮಯದ ಲೆಕ್ಕ ಹಾಕುವಾಗಲೇ ನಾವು ಎಡವಿದ್ದು. ಭಾರತದ ಸಮಯಕ್ಕೆ ಆಧಾರ 82.5 ಡಿಗ್ರಿಯ ರೇಖೆ; ಹದಿನೈದು ಡಿಗ್ರಿಗೆ ಒಂದು ತಾಸಿನಂತೆ ಅಂತರ ಐದೂವರೆ ತಾಸು. ಆದರೆ ಮಾರ್ಚ್ ಕೊನೆಯ ರವಿವಾರದಿಂದ ಅಕ್ಟೋಬರ್ ಕೊನೆಯ ರವಿವಾರದವರೆಗೆ ಅಲ್ಲಿಯವರು ಗಡಿಯಾರವನ್ನು ಒಂದು ತಾಸು ಮುಂದಿಡುತ್ತಾರೆ. ನಾವು ಹೋಗುವ ಮೇ ತಿಂಗಳಲ್ಲಿ ಅಂತರ ನಾಲ್ಕೂವರೆ ತಾಸು ಮಾತ್ರ! ತಿಂಗಳ ಕೊನೆಗೆ ಸೂರ್ಯಾಸ್ತವು ಸುಮಾರು ಒಂಬತ್ತಕ್ಕೆಂದು ತಿಳಿದು ಮನೆಯವರು, "ಹಂಗಾದ್ರ ದೀಪ ಹಚ್ಚೂದು ಯಾವಾಗ್ರೀ?" ಎಂದು ಚಿಂತಿಸಿದರು.

ನಮ್ಮ ಚಿಂತೆ ಬೇರೆಯಾಗಿತ್ತು. ಬಹಳ ಹಿಂದೆ ಒಬ್ಬ ವಿದ್ಯಾರ್ಥಿ ಈ ಪ್ರಶ್ನೆಗೆ 'ನಾಲ್ಕೂವರೆ' ಎಂದು ಬರೆದಿದ್ದ. ಅವನ ಸೋದರಮಾವ ಲಂಡನ್ನಿನಿಂದ ದೂರವಾಣಿ ಮಾಡುತ್ತಿದ್ದರು. ಹುಡುಗ ಅದನ್ನು ಹೇಳಲು ಬಂದಾಗ ನಾವು ಕೇಳಿಸಿಕೊಳ್ಳದೆ ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದಿದ್ದೆವು. ಈಗ ಅವನು ಪುಣೆಯಲ್ಲಿ ದುಡಿಯುತ್ತಾನೆ. ವಿಳಾಸ ಹುಡುಕಿ ತಪ್ಪೊಪ್ಪಿಗೆಯ ಪತ್ರ ಬರೆದೆವು. ಮರುದಿನ ವರ್ಗದಲ್ಲಿ ಎರಡೂ ಲೆಕ್ಕಗಳನ್ನು ಹಲಗೆಯ ಮೇಲೆ ಬಿಡಿಸಿದೆವು.

ಬಾಲಕಿಗೂ ಉತ್ತರ ದೊರೆಯಿತು: ವೀಕ್ಷಣಾಲಯದ ಅಂಗಳದಲ್ಲಿ ಗೆರೆಯು ಲೋಹದ ಪಟ್ಟಿಯಾಗಿ ಕಾಣುತ್ತದೆ. ಆದರೆ ಉಪಗ್ರಹಗಳ ಲೆಕ್ಕದ ಇಂದಿನ ಸೊನ್ನೆ ರೇಖೆಯು ಅದಕ್ಕಿಂತ ಸುಮಾರು 102 ಮೀಟರು ಪೂರ್ವಕ್ಕಿದೆ. "ಹಂಗಾದ್ರ ಎರಡೂ ಕಡೆ ನಿಂತು ಬರ್‍ರಿ, ಗುರುಗಳ" ಎಂದಳು.

ಪಾಸ್‌ಪೋರ್ಟು ಇನ್ನೂ ಮರಳಿ ಬಂದಿಲ್ಲ. ಪುಣೆಯಿಂದ ಪತ್ರ ಮಾತ್ರ ಬಂದಿದೆ.