ಗಣಿ ಮುಚ್ಚಿದ ಊರುಗಳ ಶನಿವಾರ

ಕ್ರೂಕ್ ಟೌನ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಕೆಜಿಎಫ್‌ನ ಕಂಪನಿ ಕ್ವಾರ್ಟರ್ಸ್‌ನಲ್ಲಿ, ಅಪ್ಪನ ಬಾಯಿಂದ. 1976ರಲ್ಲಿ ಆ ತಂಡ ಇಂಗ್ಲೆಂಡಿನಿಂದ ಭಾರತ ಪ್ರವಾಸಕ್ಕೆ ಬಂದಿತ್ತು. ಅದು ಕಲ್ಲಿದ್ದಲು ಗಣಿಯ ಊರಿನ ತಂಡ ಎಂದು ಅಪ್ಪ ಎಲ್ಲೋ ಓದಿದ್ದರು. ತಮ್ಮ ಇಲಾಖೆಯ ತಂಡಕ್ಕೆ ಎಡಪಕ್ಕದಲ್ಲಿ ಆಡುತ್ತಿದ್ದ ಅವರಿಗೆ ಅಷ್ಟೇ ಸಾಕಾಗಿತ್ತು. "ಅವರೂ ನಮ್ಮ ಹಾಗೇ, ಶಿಫ್ಟ್ ಮುಗಿಸಿ ಬಂದು ಆಡೋರು" ಎನ್ನುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಕೆಲಸದ ನಿಮಿತ್ತ ಒಂದು ವರ್ಷ ಡರಮ್‌ನಲ್ಲಿರುವ ಅವಕಾಶ ಬಂತು. ನಕಾಶೆ ಬಿಡಿಸಿ ನೋಡಿದರೆ ಕ್ರೂಕ್ ಅಲ್ಲಿಂದ ಹತ್ತೇ ಮೈಲಿ.

ಆಗಸ್ಟಿನ ಮೊದಲ ಶನಿವಾರಗಳಲ್ಲೊಂದು ದಿನ ಬಸ್ ಹತ್ತಿದೆ. ಕಿಟಕಿಯಾಚೆ ಹಸಿರು ಗುಡ್ಡ, ಕುರಿ, ಅಡ್ಡಕ್ಕೆ ಹಾಯ್ದ ಕಲ್ಲುಗೋಡೆ. ಎಷ್ಟು ಚಂದದ ನೋಟ ಎಂದುಕೊಳ್ಳುತ್ತಿದ್ದಾಗ ಪಕ್ಕದ ಸೀಟಿನ ಹಿರಿಯರು ಒಂದು ದಿಬ್ಬದತ್ತ ಬೆರಳು ಮಾಡಿ, "ಅದು ದೇವರು ಮಾಡಿದ ಗುಡ್ಡ ಅಲ್ಲ, ನಮ್ಮಪ್ಪನಂಥವರು ಮಾಡಿದ್ದು" ಎಂದರು. ಗಣಿಯಿಂದ ತೆಗೆದು ಸುರಿದ ಮಣ್ಣಿನ ಮೇಲೆ ಹುಲ್ಲು ಬೆಳೆದು ಹಾಗಾಗಿತ್ತು. ನಮ್ಮ ಕೆಜಿಎಫ್‌ನ ಸೈನೈಡ್ ದಿಬ್ಬಗಳ ಮೇಲೆ ಇವತ್ತಿಗೂ ಸರಿಯಾಗಿ ಹುಲ್ಲು ಹುಟ್ಟಿಲ್ಲ. ಬೇಸಿಗೆಯ ಗಾಳಿಗೆ ಆ ಧೂಳು ಮನೆಯೊಳಗೇ ಬರುತ್ತದೆ.

ಕ್ರೂಕ್‌ನ ಮೈದಾನದ ಹೆಸರು ಮಿಲ್‌ಫೀಲ್ಡ್. ಗೇಟಿನ ಪುಟ್ಟ ಗೂಡಿನಲ್ಲಿ ಕೂತಿದ್ದವರಿಗೆ ಎಪ್ಪತ್ತೈದರ ಮೇಲೆ ವಯಸ್ಸು. ಹಣ ತೆಗೆದುಕೊಂಡು ಕಾಲಿನಿಂದ ಕಂಬಿ ಒತ್ತಿ, "ಒಳಗೆ ಬಾ, ಮಾರ್ರಾ" ಎಂದರು. ನಾನು ನಿಂತೇಬಿಟ್ಟೆ. ನನ್ನ ಕಿವಿಗೆ ಬಿದ್ದದ್ದು "ಮಾರಾಯ". ಆಮೇಲೆ ಕೇಳಿದಾಗ ಅವರೇ ಬಿಡಿಸಿ ಹೇಳಿದರು: ಗಣಿಯೊಳಗೆ ಒಂದೇ ಜಾಗದಲ್ಲಿ ದುಡಿದು ಕೂಲಿಯನ್ನು ಹಂಚಿಕೊಳ್ಳುತ್ತಿದ್ದ ಜೊತೆಗಾರನೇ ಮಾರ್ರಾ. ಗಣಿ ಹೋಯಿತು, ಮಾತು ಉಳಿಯಿತು. ಆ ಪದಕ್ಕೂ ನಮ್ಮ ಮಾರಾಯನಿಗೂ ನಂಟಿಲ್ಲ ಎಂದು ಗೊತ್ತಿದ್ದರೂ ಆ ಮಧ್ಯಾಹ್ನ ಅದು ನನ್ನನ್ನು ಊರವನನ್ನಾಗಿ ಮಾಡಿತು. ಆ ಸೀಸನ್ ಪೂರ್ತಿ ಕ್ರೂಕ್ ಆಡುವ ಲೀಗ್‌ನ ಊರುಗಳನ್ನು ಸುತ್ತಬೇಕು ಎಂದು ತೀರ್ಮಾನಿಸಿದ್ದು ಅಲ್ಲೇ.

ಲೀಗ್‌ನ ಹೆಸರು ನಾರ್ದರ್ನ್ ಲೀಗ್. 1888ರಲ್ಲಿ ಶುರುವಾದ ಫುಟ್‌ಬಾಲ್ ಲೀಗ್‌ನ ಮರುವರ್ಷವೇ, ಅಂದರೆ 1889ರಲ್ಲಿ ಹುಟ್ಟಿದ್ದು. ಜಗತ್ತಿನಲ್ಲಿ ಈಗಲೂ ನಡೆಯುತ್ತಿರುವ ಲೀಗ್‌ಗಳಲ್ಲಿ ಹಳತನದಲ್ಲಿ ಎರಡನೆಯದು. ಪ್ರೀಮಿಯರ್ ಲೀಗನ್ನು ಏಣಿಯ ಮೇಲಿನ ಮೆಟ್ಟಿಲು ಎಂದುಕೊಂಡರೆ ಇದರ ಎರಡು ಡಿವಿಷನ್‌ಗಳು ಒಂಬತ್ತನೆಯ, ಹತ್ತನೆಯ ಮೆಟ್ಟಿಲುಗಳು. ಇಲ್ಲಿ ಆಡುವವರು ಗಾರೆ ಕೆಲಸದವರು, ಅಂಚೆಯವರು, ವ್ಯಾಯಾಮ ಶಿಕ್ಷಕರು, ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುವವರು. ಕೈಗೆ ಸಿಗುವುದು ಪಂದ್ಯಕ್ಕಿಷ್ಟು ಎಂಬ ಸಣ್ಣ ಮೊತ್ತ. 1974ರವರೆಗೆ ಅದೂ ಇರಬಾರದಿತ್ತು. ಹವ್ಯಾಸಿ, ವೃತ್ತಿಪರ ಎಂಬ ಭೇದವನ್ನು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಆ ವರ್ಷ ತೆಗೆದುಹಾಕಿತು. ಅದಕ್ಕೂ ಮುಂಚೆ ಆಟ ಮುಗಿದ ಮೇಲೆ ಬೂಟಿನೊಳಗೆ ನೋಟು ಮಡಿಸಿಟ್ಟಿರುತ್ತಿದ್ದರಂತೆ. ಅದಕ್ಕೆ "ಬೂಟ್ ದುಡ್ಡು" ಎಂದೇ ಹೆಸರು. ಅದನ್ನು ಯಾರೂ ತಪ್ಪಾಗಿ ನೆನೆಯುವುದಿಲ್ಲ. ಶನಿವಾರದ ಪಾಳಿ ಬಿಟ್ಟು ಬಂದವನಿಗೆ ಆ ದಿನದ ಕೂಲಿ ಯಾರಾದರೂ ಕೊಡಲೇಬೇಕಿತ್ತಲ್ಲ.

ಮಿಲ್‌ಫೀಲ್ಡ್‌ನಲ್ಲಿ ಆ ದಿನ ಇದ್ದದ್ದು ಇನ್ನೂರು ಚಿಲ್ಲರೆ ಜನ. 1954ರ ವಸಂತದಲ್ಲಿ ಇದೇ ಕ್ರೂಕ್ ತಂಡ ಹವ್ಯಾಸಿ ಕಪ್‌ನ ಫೈನಲ್‌ನಲ್ಲಿ ಐದಾರು ಮೈಲಿ ದೂರದ ಬಿಷಪ್ ಆಕ್ಲೆಂಡನ್ನು ಎದುರಿಸಿದಾಗ ವೆಂಬ್ಲಿಯಲ್ಲಿ ಒಂದು ಲಕ್ಷ ಜನ ಸೇರಿದ್ದರು. 2-2. ನ್ಯೂಕ್ಯಾಸಲ್‌ನಲ್ಲಿ ಮರುಪಂದ್ಯ, ಮತ್ತೆ 2-2. ಮಿಡಲ್ಸ್‌ಬರೋದಲ್ಲಿ ಮೂರನೆಯದು, ಆಗ ಕ್ರೂಕ್ 1-0. ಗೇಟಿನ ಯಜಮಾನರಿಗೆ ಆಗ ಐದೋ ಆರೋ ವರ್ಷ. ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದು ಮೂರನೆಯ ಪಂದ್ಯವನ್ನಂತೆ. "ಗೋಲು ಕಾಣಿಸಲಿಲ್ಲ. ಅಪ್ಪ ಎಗರಿದ್ದು ಮಾತ್ರ ಗೊತ್ತಾಯಿತು" ಎಂದರು.

ಕ್ರೂಕ್‌ನ ಬಗ್ಗೆ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಇಲ್ಲಿ ಗಣಿಗಿಳಿಯುತ್ತಿದ್ದ ಜ್ಯಾಕ್ ಗ್ರೀನ್‌ವೆಲ್ ಎಂಬ ಹುಡುಗ 1912ರಲ್ಲಿ ಬಾರ್ಸಿಲೋನಾ ತಂಡಕ್ಕೆ ಆಡಲು ಹೋದ. 1917ರಿಂದ ಅದರ ತರಬೇತುದಾರನಾದ. ಅಲ್ಲಿಂದ ಸಾಗರ ದಾಟಿ 1939ರಲ್ಲಿ ಪೆರು ದೇಶಕ್ಕೆ ದಕ್ಷಿಣ ಅಮೆರಿಕದ ಚಾಂಪಿಯನ್ ಪಟ್ಟ ಗೆಲ್ಲಿಸಿಕೊಟ್ಟ. ಅವನು ಬಾರ್ಸಿಲೋನಾದಲ್ಲಿದ್ದ ಕಾಲದಲ್ಲಿ ಕ್ರೂಕ್ ತಂಡ ಮತ್ತೆ ಮತ್ತೆ ಅಲ್ಲಿಗೆ ಹೋಗಿ ಆಡಿ ಬಂತು. ಒಂದು ಸಣ್ಣ ಊರಿನ ಗಣಿ ಹುಡುಗರು ಎಲ್ಲೆಲ್ಲಿ ಹೋಗಿ ಬಂದಿದ್ದಾರೆ ಎಂದು ನೆನೆದರೆ ಹೆಮ್ಮೆಯೆನಿಸುತ್ತದೆ, ಅವರು ನನ್ನವರಲ್ಲದಿದ್ದರೂ.

ಸೆಪ್ಟೆಂಬರ್ ಪೂರ್ತಿ ಎಫ್‌ಎ ಕಪ್ಪಿನ ಮಾತು. ಮೇ ತಿಂಗಳಲ್ಲಿ ಟಿವಿಯಲ್ಲಿ ನಾವೆಲ್ಲ ನೋಡುವ ಫೈನಲ್‌ನ ಆ ಕಪ್ ಈ ಮಟ್ಟದ ಕ್ಲಬ್‌ಗಳಿಗೆ ಆಗಸ್ಟಿನಲ್ಲೇ ಶುರುವಾಗುತ್ತದೆ. ಅವರು ಫೈನಲ್ ಮುಟ್ಟಲು ಹದಿಮೂರು ಸುತ್ತು ದಾಟಬೇಕು. ಯಾರೂ ದಾಟುವುದಿಲ್ಲ. ಆದರೆ ಒಂದೆರಡು ಸುತ್ತು ಗೆದ್ದರೂ ಬರುವ ಬಹುಮಾನದ ಹಣದಲ್ಲಿ ಸೋರುವ ಚಾವಣಿ ಸರಿಯಾಗುತ್ತದೆ, ಫ್ಲಡ್‌ಲೈಟಿನ ಬಿಲ್ಲು ತೀರುತ್ತದೆ.

ಅಕ್ಟೋಬರ್‌ನಲ್ಲಿ ಡಾರ್ಲಿಂಗ್ಟನ್‌ನಿಂದ ಎರಡು ಬೋಗಿಯ ರೈಲು ಹಿಡಿದು ಶಿಲ್ಡನ್‌ಗೆ ಹೋದೆ. 1825ರ ಸೆಪ್ಟೆಂಬರ್ 27ರಂದು ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲ್ವೆಯ ಉಗಿಬಂಡಿ ಜನರನ್ನೂ ಕಲ್ಲಿದ್ದಲನ್ನೂ ಹೊತ್ತು ಹೊರಟದ್ದು ಇಲ್ಲಿಂದ. ಅದಕ್ಕೇ ಈ ತಂಡದವರನ್ನು ರೈಲ್ವೆಯವರು ಎಂದೇ ಕರೆಯುತ್ತಾರೆ. ಅದೇ ಹಳಿಯ ಕೊನೆಯ ನಿಲ್ದಾಣ ಬಿಷಪ್ ಆಕ್ಲೆಂಡ್.

ಬಿಷಪ್ ಆಕ್ಲೆಂಡ್ ತಂಡದ ಅಂಗಿ ತಿಳಿನೀಲಿ ಮತ್ತು ಕಡುನೀಲಿ. ಆಕ್ಸ್‌ಫರ್ಡ್, ಕೇಂಬ್ರಿಜ್‌ನಿಂದ ಇಲ್ಲಿನ ಬಿಷಪ್ಪರ ಅರಮನೆಗೆ ಧರ್ಮಶಾಸ್ತ್ರ ಕಲಿಯಲು ಬಂದ ವಿದ್ಯಾರ್ಥಿಗಳು ತಂದ ಬಣ್ಣಗಳು ಅವು. ಹವ್ಯಾಸಿ ಕಪ್‌ನ ಫೈನಲ್ ಹದಿನೆಂಟು ಸಲ ಆಡಿ ಹತ್ತು ಸಲ ಗೆದ್ದವರು ಇವರು. 1955, 56, 57ರಲ್ಲಂತೂ ಸಾಲಾಗಿ ಮೂರು. ಅದರ ಮರುವರ್ಷ, 1958ರ ಫೆಬ್ರವರಿ 6ರಂದು, ಮ್ಯೂನಿಕ್‌ನಲ್ಲಿ ವಿಮಾನ ಅಪಘಾತವಾಗಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಛಿದ್ರವಾಯಿತು. ಆಗ ನೆರವಿಗೆ ಹೋದವರು ಈ ತಂಡದ ಮೂವರು: ಬಾಬ್ ಹಾರ್ಡಿಸ್ಟಿ, ಡೆರೆಕ್ ಲೆವಿನ್, ವಾರೆನ್ ಬ್ರಾಡ್ಲಿ. ನೆರೆಮನೆಯಲ್ಲಿ ಸಾವಾದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗುತ್ತೇವಲ್ಲ, ಹಾಗೆ ಹೋದರು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಬ್ರಾಡ್ಲಿ ಆಮೇಲೆ 1959ರಲ್ಲಿ ಇಂಗ್ಲೆಂಡಿನ ಪೂರ್ಣ ತಂಡಕ್ಕೂ ಆಡಿದರು.

ಅಲ್ಲಿಂದ ವೆಸ್ಟ್ ಆಕ್ಲೆಂಡ್‌ಗೆ ನಡೆದೇ ಹೋದೆ. ಉದ್ದನೆಯ ಹುಲ್ಲುಗಾವಲಿನ ಎರಡೂ ಬದಿಗೆ ಮನೆಗಳಿರುವ ಹಳ್ಳಿ. ಚಹಾದ ಪೊಟ್ಟಣದ ಮೇಲೆ ನಾವೆಲ್ಲ ಹೆಸರು ಓದಿದ ಥಾಮಸ್ ಲಿಪ್ಟನ್ 1909ರಲ್ಲಿ ಇಟಲಿಯ ತೂರಿನ್‌ನಲ್ಲಿ ಕಪ್ ಒಂದನ್ನಿಟ್ಟು ಬೇರೆ ಬೇರೆ ದೇಶಗಳ ತಂಡಗಳನ್ನು ಕರೆದಾಗ, ಇಂಗ್ಲೆಂಡಿನ ಪರವಾಗಿ ಹೋದದ್ದು ಈ ಹಳ್ಳಿಯ ಗಣಿಗಾರರು. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ತಂಡವನ್ನು 2-0ಯಿಂದ ಸೋಲಿಸಿ ಗೆದ್ದರು. ಆ ಸಲ ಅವರ ಜೊತೆ ಆಡಿದವರಲ್ಲಿ ಗ್ರೀನ್‌ವೆಲ್ ಕೂಡ ಇದ್ದ. 1911ರಲ್ಲಿ ಮತ್ತೆ ಹೋಗಿ ಫೈನಲ್‌ನಲ್ಲಿ ಯುವೆಂಟಸ್ ತಂಡವನ್ನು 6-1ರಿಂದ ಸೋಲಿಸಿದರು. ಕಪ್ ಅವರದೇ ಆಯಿತು. ಫಿಫಾದ ಮೊದಲ ವಿಶ್ವಕಪ್ ನಡೆದದ್ದು ಇದಾದ ಎಷ್ಟೋ ವರ್ಷಗಳ ಮೇಲೆ, 1930ರಲ್ಲಿ. ಆದರೆ ಊರಿಗೆ ಮರಳಿದಾಗ ಕ್ಲಬ್ಬಿನ ತಲೆಯ ಮೇಲೆ ಸಾಲ. ಆ ಕಪ್ಪನ್ನೇ ಊರಿನ ಹೋಟೆಲಿನ ಒಡತಿಯ ಬಳಿ 40 ಪೌಂಡಿಗೆ ಅಡವಿಟ್ಟರು. ಬಿಡಿಸಿಕೊಂಡದ್ದು 1960ರ ಹೊತ್ತಿಗೆ. 1994ರಲ್ಲಿ ಅದು ಕಳುವಾಯಿತು, ಮತ್ತೆ ಸಿಗಲಿಲ್ಲ. ಈಗಿರುವುದು ಪ್ರತಿಕೃತಿ. ಕಪ್ ಗೆದ್ದು ಅಡವಿಟ್ಟ ಈ ಕಥೆ ಕೇಳುವಾಗ ನನಗೆ ಕಣ್ಣಿಗೆ ಕಟ್ಟಿದ್ದು ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಅಮ್ಮನ ಬಳೆಗಳು ಮಾರ್ವಾಡಿ ಅಂಗಡಿಗೆ ಹೋಗಿಬರುತ್ತಿದ್ದದ್ದು. ಚಿನ್ನ ತೆಗೆಯುವ ಊರಿನಲ್ಲೂ ಹಾಗೇ ಇತ್ತು.

ಟೋ ಲಾಗೆ ಮೂರು ಸಲ ಹೋಗಬೇಕಾಯಿತು. ಸಮುದ್ರಮಟ್ಟದಿಂದ ಸುಮಾರು ಸಾವಿರ ಅಡಿ ಎತ್ತರದಲ್ಲಿ, ಗಾಳಿಗೆ ಮೈಯೊಡ್ಡಿ ನಿಂತ ಊರು ಅದು. ಕಬ್ಬಿಣದ ಕಾರ್ಖಾನೆಗಾಗಿ ಹುಟ್ಟಿದ ಊರು. ಮೈದಾನ ಇರುವುದೂ ಐರನ್‌ವರ್ಕ್ಸ್ ರಸ್ತೆಯಲ್ಲಿ. 1967ರಲ್ಲಿ ಮ್ಯಾನ್ಸ್‌ಫೀಲ್ಡ್ ಎಂಬ ವೃತ್ತಿಪರ ತಂಡವನ್ನು ಎಫ್‌ಎ ಕಪ್‌ನಲ್ಲಿ 5-1ರಿಂದ ಸೋಲಿಸಿದ್ದು ಇಲ್ಲೇ. 1990ರ ವಿಶ್ವಕಪ್‌ನ ಸೆಮಿಫೈನಲ್ ಆಡಿದ ಕ್ರಿಸ್ ವಾಡಲ್, ಸಾಸೇಜಿನ ಮಸಾಲೆ ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತ ಆಡುತ್ತಿದ್ದದ್ದು ಇದೇ ತಂಡಕ್ಕೆ. 1980ರಲ್ಲಿ ಇಲ್ಲಿಂದ ನ್ಯೂಕ್ಯಾಸಲ್‌ಗೆ ಹೋದರು.

ಡಿಸೆಂಬರಿನಲ್ಲಿ ಹೋದಾಗ ಮಂಜು ಕವಿದು ಒಂದು ಗೋಲಿನಿಂದ ಇನ್ನೊಂದು ಗೋಲು ಕಾಣುತ್ತಿರಲಿಲ್ಲ. ಜನವರಿಯಲ್ಲಿ ಹಿಮ. ಫೆಬ್ರವರಿಯ ಶನಿವಾರ ಬೆಳಿಗ್ಗೆ ಹತ್ತೂವರೆಗೇ ತಲುಪಿದೆ. ಹಿಂದಿನ ರಾತ್ರಿ ಮಳೆ ಹೊಯ್ದು ಮೈದಾನದ ಒಂದು ಮೂಲೆಯಲ್ಲಿ ನೀರು ನಿಂತಿತ್ತು. ಐದು ಜನ ಕವಲುಗುದ್ದಲಿ ಹಿಡಿದು ನೆಲಕ್ಕೆ ಚುಚ್ಚುತ್ತಿದ್ದರು: ಚುಚ್ಚು, ತುಸು ಅಲ್ಲಾಡಿಸು, ತೆಗೆ, ಅರ್ಧ ಹೆಜ್ಜೆ ಹಿಂದೆ, ಮತ್ತೆ ಚುಚ್ಚು. ಒಬ್ಬರು ಅಡುಗೆಮನೆಯ ಸ್ಪಂಜನ್ನು ನೀರಿಗೆ ಅದ್ದಿ ಬಕೆಟ್ಟಿಗೆ ಹಿಂಡುತ್ತಿದ್ದರು. ನನಗೂ ಒಂದು ಗುದ್ದಲಿ ಕೊಟ್ಟರು. ಅರ್ಧ ಗಂಟೆಯಲ್ಲಿ ಅಂಗೈಯಲ್ಲಿ ಬೊಬ್ಬೆ ಬಂತು. ಹನ್ನೆರಡರ ಸುಮಾರಿಗೆ ರೆಫರಿ ಬಂದರು. ಎಲ್ಲರೂ ಕೆಲಸ ನಿಲ್ಲಿಸಿ ನೋಡತೊಡಗಿದರು. ಅವರು ಚೆಂಡನ್ನು ಎದೆಯ ಎತ್ತರಕ್ಕೆ ಹಿಡಿದು ಕೈಬಿಟ್ಟರು. ಮಧ್ಯದಲ್ಲಿ ಪುಟಿಯಿತು. ಇನ್ನೊಂದು ಪೆನಾಲ್ಟಿ ಚೌಕದಲ್ಲಿ ಮೊಣಕಾಲಿನವರೆಗೆ ಎದ್ದಿತು. ನಮ್ಮ ಮೂಲೆಗೆ ಬಂದು ಬಿಟ್ಟಾಗ ಥಪ್ಪೆಂದು ಹಿಟ್ಟಿನ ಉಂಡೆಯ ಹಾಗೆ ಕೂತಿತು. ಯಾರೂ ಮಾತಾಡಲಿಲ್ಲ. ರೆಫರಿ ಗಡಿಯಾರ ನೋಡಿ, "ಇನ್ನೊಂದು ಗಂಟೆ ಕೊಡುತ್ತೇನೆ" ಎಂದರು. ಆ ಐವರೂ ಮರುಮಾತಿಲ್ಲದೆ ಬಾಗಿದರು. ಒಂದು ಗಂಟೆಯ ಮೇಲೆ ಚೆಂಡು ಪಾದದ ಗಂಟಿನಷ್ಟು ಎತ್ತರಕ್ಕೆ ಎದ್ದಿತು. ಅಷ್ಟು ಸಾಕಾಯಿತು. ಆ ಪಂದ್ಯದ ಗೋಲುಗಳು ನನಗೆ ನೆನಪಿಲ್ಲ. ಬಟಾಣಿ ಹಾಕಿದ ಬಿಸಿ ಚಿಪ್ಸ್, ಕೈ ಸುಡುವ ಚಹಾ, ನಾನು ಚುಚ್ಚಿದ ನೆಲದ ಮೇಲೆ ಒಬ್ಬ ಹುಡುಗ ಕಾರ್ನರ್ ಒದ್ದದ್ದು, ಇವು ನೆನಪಿವೆ.

ಈ ಹಳ್ಳಿಗಳ ಇನ್ನೊಂದು ಚರಿತ್ರೆ ನನಗೆ ತಿಳಿದದ್ದು ಅವತ್ತು ಚಹಾದ ಗೂಡಿನಲ್ಲಿ ಚಳಿ ಕಾಯಿಸುತ್ತಿದ್ದಾಗ. 1951ರಲ್ಲಿ ಡರಮ್ ಜಿಲ್ಲೆಯ ಆಡಳಿತ ಒಂದು ಯೋಜನೆ ಬರೆಯಿತು. ಕಲ್ಲಿದ್ದಲು ತೀರುತ್ತಿದ್ದ 114 ಹಳ್ಳಿಗಳನ್ನು "ಡಿ" ವರ್ಗ ಎಂದು ಗುರುತಿಸಿತು. ಅಲ್ಲಿ ಹೊಸ ಮನೆಯಿಲ್ಲ, ಹೊಸ ಹಣವಿಲ್ಲ; ಜನ ಬೇರೆಡೆಗೆ ಹೋಗಲಿ, ಊರು ತಾನಾಗಿ ಮುಗಿಯಲಿ. ಪಶ್ಚಿಮ ಡರಮ್‌ನ ಹಲವು ಹಳ್ಳಿಗಳು ಆ ಪಟ್ಟಿಯಲ್ಲಿದ್ದವು. ಕೆಲವು ಬೀದಿಗಳನ್ನು ಕೆಡವಿಯೂ ಬಿಟ್ಟರು. ಜನ ಹೋರಾಡಿದರು, 1970ರ ದಶಕದಲ್ಲಿ ಆ ನೀತಿಯನ್ನು ಕೈಬಿಡಬೇಕಾಯಿತು. 1993ರ ಹೊತ್ತಿಗೆ ಸಮುದ್ರ ತೀರದ ಕೊನೆಯ ಆಳಗಣಿಗಳೂ ಮುಚ್ಚಿದವು. ಕೇಳುತ್ತ ಕೇಳುತ್ತ ನನಗೆ ಸಿಟ್ಟು ಬಂತು. 2001ರ ಫೆಬ್ರವರಿ 28ರಂದು ನಮ್ಮ ಗಣಿಗಳು ಮುಚ್ಚಿದಾಗಲೂ ಹೀಗೆಯೇ ಕಾಗದದ ಮೇಲೆ ಒಂದು ಸಾಲು ಬರೆದಿದ್ದರು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಬಂದವರು ಮರುದಿನ ಬೆಳಿಗ್ಗೆ ಸೈರನ್ ಕೂಗದ ಊರಿನಲ್ಲಿ ಎದ್ದರು. ಅಪ್ಪ ಆರು ಗಂಟೆಗೇ ಎದ್ದು ಬಾಗಿಲಲ್ಲಿ ನಿಂತಿದ್ದರು. ಎಲ್ಲಿಗೆ ಎಂದು ನಾವು ಕೇಳಲಿಲ್ಲ.

ಏಪ್ರಿಲ್‌ನಲ್ಲಿ ಚಳಿಗಾಲದ ಸಾಲವನ್ನೆಲ್ಲ ತೀರಿಸಬೇಕು. ಮುಂದೂಡಿದ ಪಂದ್ಯಗಳು ಮಂಗಳವಾರ, ಗುರುವಾರ, ಶನಿವಾರ ಎಂದು ಒಂದರ ಬೆನ್ನಿಗೊಂದು ಬರುತ್ತವೆ. ಎಂಟು ಗಂಟೆ ಗಾರೆ ಕಲಸಿದ ಹುಡುಗ ಸಂಜೆ ಮುಕ್ಕಾಲು ಗಂಟೆ ವ್ಯಾನ್ ಓಡಿಸಿಕೊಂಡು ಬಂದು, ಬೆರಳ ಸಂದಿಯ ಸಿಮೆಂಟನ್ನು ಪೂರ್ತಿ ತೊಳೆಯದೆ ಅಂಗಿ ಹಾಕಿಕೊಳ್ಳುವುದನ್ನು ನೋಡಿದೆ. ಇದೇ ಲೀಗ್‌ನ ತಂಡಗಳು 2009ರಿಂದ 2013ರವರೆಗೆ ಸತತ ಐದು ವರ್ಷ ಸಣ್ಣ ಕ್ಲಬ್‌ಗಳ ಕಪ್ ಆದ ಎಫ್‌ಎ ವೇಸ್ ಗೆದ್ದವು. ವಿಟ್ಲಿ ಬೇ ಒಂದೇ ಮೂರು ಸಲ. ಈ ಬೆರಳುಗಳು ವೆಂಬ್ಲಿಯಲ್ಲಿ ಕಪ್ ಎತ್ತಿದ ಬೆರಳುಗಳಂಥವೇ.

ಕೊನೆಯ ಶನಿವಾರ ಮತ್ತೆ ಕ್ರೂಕ್‌ಗೆ ಹೋದೆ. ಪ್ರತಿಸಲದ ಹಾಗೆ ಗೋಲ್ಡನ್ ಗೋಲ್ ಚೀಟಿ ಕೊಂಡೆ. ಅಂಟಿಸಿದ ಪುಟ್ಟ ಕಾಗದ ಅದು. ಒಳಗೆ ಒಂದು ನಿಮಿಷದ ಸಂಖ್ಯೆ ಇರುತ್ತದೆ. ಮೊದಲ ಗೋಲು ಆ ನಿಮಿಷಕ್ಕೆ ಬಂದರೆ ಬಹುಮಾನ, ಉಳಿದ ಹಣ ಕ್ಲಬ್ಬಿಗೆ. ನನ್ನದು 37. ಮೂವತ್ತಾರನೆಯ ನಿಮಿಷದ ಕೊನೆಯಲ್ಲಿ ಕಾರ್ನರ್ ಸಿಕ್ಕಾಗ ಗೇಟಿನ ಯಜಮಾನರು ನನ್ನ ತೋಳು ಹಿಡಿದರು. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. "ಅಯ್ಯೋ ಮಾರಾಯ" ಎಂದೆ. ಅವರಿಗೆ ಅದು ಪೂರ್ತಿ ಅರ್ಥವಾಯಿತು.

ಜನ ಚದುರಿದ ಮೇಲೆ ಅವರು ಗೋಲಿನ ಬಲೆ ಬಿಚ್ಚಲು ಹೊರಟರು. ಒಂದೊಂದೇ ಕೊಕ್ಕೆಯಿಂದ ಬಿಡಿಸಿ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಒಗೆದ ಸೀರೆ ಮಡಿಸುವಾಗ ಅಮ್ಮ ಹೀಗೆಯೇ ಒಂದು ತುದಿ ಕೊಡುತ್ತಿದ್ದಳು. ಹತ್ತಿರ ಬಂದು ತುದಿ ಸೇರಿಸಿ, ಹಿಂದೆ ಸರಿದು, ಮತ್ತೆ ಹತ್ತಿರ ಬಂದು ಮಡಿಸಿದೆವು. ಬಲೆ ಇನ್ನೂ ಒದ್ದೆಯಾಗಿತ್ತು. ಹೀಗೇ ಕಟ್ಟಿಟ್ಟರೆ ಆಗಸ್ಟಿನ ಹೊತ್ತಿಗೆ ಕೊಳೆತಿರುತ್ತದೆ ಎಂದು ಅವರು ಮತ್ತೆ ಬಿಚ್ಚಿ, ಸ್ಟ್ಯಾಂಡಿನ ಕಂಬಿಯ ಮೇಲೆ ಹರವಿದರು. ಒಣಗುವವರೆಗೆ ನಾವಿಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತೆವು.